ದೇವದೂತರ ದಿನಚರಿ ಓದುವುದು ಮೂಢನಂಬಿಕೆಯಲ್ಲ

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯವು ಮಂತ್ರವಿದ್ಯೆ ಮತ್ತು ಗುಪ್ತವಿದ್ಯೆಗಳ ವಿಷಯವಾಗಿ 2024ರಿಂದ ಎಂ.ಎ. ತರಗತಿ ನಡೆಸುತ್ತಿರುವುದನ್ನು ಖಂಡಿಸಿ ತಮ್ಮ ವಾಚಕರ ಅಂಕಣದಲ್ಲಿ ಈಚೆಗೆ ಪ್ರಕಟವಾದ ಪತ್ರವನ್ನು ಓದಿದೆ. ವಾಮಾಚಾರದ ವಿರುದ್ಧ ಕಾಯ್ದೆ ಇರುವ ರಾಜ್ಯದಲ್ಲಿ ಇಂಥ ಸುದ್ದಿಗೆ ಜಾಗ ಕೊಡುವುದೇ ತಪ್ಪು, ಯುರೋಪಿನ ಹಳೆಯ ದೇವದೂತ ಮಂತ್ರವಿದ್ಯೆಯನ್ನು (ದೇವದೂತರನ್ನು ಕರೆದು ಮಾತಾಡಿಸುವ ವಿದ್ಯೆಯನ್ನು) ಪ್ರಬಂಧಕ್ಕೆ ಆರಿಸಿಕೊಳ್ಳಬಯಸುವ ನಮ್ಮ ಜಿಲ್ಲೆಯ ವಿದ್ಯಾರ್ಥಿಗಳನ್ನು ಅಧ್ಯಾಪಕರು ತಡೆಯಬೇಕು ಎಂಬುದು ಪತ್ರ ಬರೆದವರ ಅಭಿಪ್ರಾಯ. ಅವರ ಕಾಳಜಿಯ ಬಗ್ಗೆ ನನಗೆ ಗೌರವವಿದೆ. ಆದರೆ ಬಹುಕಾಲ ಇತಿಹಾಸ ಪಾಠ ಮಾಡಿದ ನಾನು ಅವರ ತೀರ್ಮಾನವನ್ನು ಒಪ್ಪಲಾರೆ. 2020ರ ಜನವರಿಯಿಂದ ಜಾರಿಯಲ್ಲಿರುವ ನಮ್ಮ ಕಾಯ್ದೆ ಜನರಿಗೆ ಹಾನಿ ಮಾಡುವ ಅಮಾನವೀಯ ಆಚರಣೆಗಳನ್ನು ತಡೆಯಲೆಂದು ಬಂದದ್ದು. ನಾನೂರು ವರ್ಷ ಹಳೆಯ ಹಸ್ತಪ್ರತಿಯೊಂದನ್ನು ಓದಿ ಅದು ಹುಟ್ಟಿದ ಬಗೆಯನ್ನು ವಿಚಾರಿಸುವವರಿಗೆ ಅದರಿಂದ ಯಾವ ಅಡ್ಡಿಯೂ ಇಲ್ಲ.

ಈ ವಿಷಯದಲ್ಲಿ ಓದಲು ಏನಿದೆ ಎಂಬುದನ್ನು ಮೊದಲು ಹೇಳಬೇಕು. 1527ರಲ್ಲಿ ಹುಟ್ಟಿದ ಜಾನ್ ಡೀ ಎಂಬ ಇಂಗ್ಲಿಷ್ ವಿದ್ವಾಂಸನನ್ನೇ ತೆಗೆದುಕೊಳ್ಳೋಣ. ಯೂಕ್ಲಿಡನ ರೇಖಾಗಣಿತ 1570ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದಾಗ ಅದಕ್ಕೆ ಪ್ರಸಿದ್ಧವಾದ ಮುನ್ನುಡಿ ಬರೆದವನು ಅವನು. ಒಂದನೆಯ ಎಲಿಜಬೆತ್ ರಾಣಿಯ ಪಟ್ಟಾಭಿಷೇಕಕ್ಕೆ ಮುಹೂರ್ತ ಇಟ್ಟುಕೊಟ್ಟವನೂ, ದೂರದ ಸಮುದ್ರಗಳಿಗೆ ಹೊರಟ ನಾವಿಕರಿಗೆ ಸಲಹೆ ಕೊಟ್ಟವನೂ ಅವನೇ. ಲಂಡನ್ನಿನ ಸಮೀಪದ ಮಾರ್ಟ್‌ಲೇಕಿನ ಮನೆಯಲ್ಲಿ ಅವನು ಕೂಡಿಸಿದ್ದ ಗ್ರಂಥಾಲಯ ಆ ಕಾಲದ ಇಂಗ್ಲೆಂಡಿನ ಅತಿ ದೊಡ್ಡ ಸಂಗ್ರಹಗಳಲ್ಲೊಂದು. ಅಷ್ಟು ಓದಿದವನು, ಪುಸ್ತಕಗಳಲ್ಲಿ ಸಿಗದ ಜ್ಞಾನವನ್ನು ದೇವದೂತರ ಬಾಯಿಂದಲೇ ಕೇಳಿ ತಿಳಿಯಬೇಕೆಂದು ಹೊರಟ. 1582ರ ಮಾರ್ಚಿನಲ್ಲಿ ಎಡ್ವರ್ಡ್ ಕೆಲ್ಲಿ ಎಂಬವನು ಅವನ ಮನೆಗೆ ಬಂದ ಮೇಲೆ ಈ ಕೆಲಸ ವರ್ಷಗಟ್ಟಲೆ ನಡೆಯಿತು. ನಮ್ಮಲ್ಲಿ ಅಂಜನ ಹಾಕಿ ನೋಡುವವರು ವೀಳ್ಯದೆಲೆಯ ಮೇಲಿನ ಕಪ್ಪಿನಲ್ಲಿ ಕಂಡದ್ದನ್ನು ಹೇಳುತ್ತಾರಲ್ಲ, ಹಾಗೆ ಕೆಲ್ಲಿ ಸ್ಫಟಿಕದ ಕಲ್ಲಿನಲ್ಲಿ ಕಂಡದ್ದನ್ನೂ ಕೇಳಿದ್ದನ್ನೂ ಹೇಳುತ್ತಿದ್ದ. ಡೀ ಬಳಿಯಲ್ಲೇ ಕುಳಿತು ಬರೆದುಕೊಳ್ಳುತ್ತಿದ್ದ.

ಆ ಬರವಣಿಗೆಯೇ ಇತಿಹಾಸದ ವಿದ್ಯಾರ್ಥಿಗೆ ದೊಡ್ಡ ನಿಧಿ. ದಿನ, ಹೊತ್ತು, ಯಾವ ದೇವದೂತ ಕಾಣಿಸಿಕೊಂಡ, ಏನು ಉಟ್ಟಿದ್ದ, ತಾನು ಕೇಳಿದ ಪ್ರಶ್ನೆ ಯಾವುದು, ಬಂದ ಉತ್ತರ ಯಾವುದು, ಕೆಲ್ಲಿ ಯಾವಾಗ ಸಿಟ್ಟಿಗೆದ್ದು ಇನ್ನು ನೋಡುವುದಿಲ್ಲ ಎಂದ, ಎಲ್ಲವನ್ನೂ ಡೀ ದಾಖಲಿಸಿದ್ದಾನೆ. ನಲವತ್ತೊಂಬತ್ತು ಅಡ್ಡಸಾಲು, ನಲವತ್ತೊಂಬತ್ತು ಉದ್ದಸಾಲುಗಳ ಚೌಕಗಳಲ್ಲಿ ಅಕ್ಷರಗಳನ್ನು ತುಂಬಿದ ದೊಡ್ಡ ಕೋಷ್ಟಕಗಳು ಅವನ ಕಾಗದಗಳಲ್ಲಿವೆ. 1584ರಲ್ಲಿ ಪೋಲೆಂಡಿನ ಕ್ರಾಕೋ ನಗರದಲ್ಲಿದ್ದಾಗ ದೇವದೂತರ ಭಾಷೆಯ ಆವಾಹನೆಗಳು ಅಕ್ಷರ ಅಕ್ಷರವಾಗಿ ಬಂದವು. ನೇರವಾಗಿ ಉಚ್ಚರಿಸಿದರೆ ಅವುಗಳ ಶಕ್ತಿ ಕೆರಳೀತೆಂಬ ಭಯದಿಂದ ಮೊದಲನೆಯದನ್ನು ಕೊನೆಯ ಅಕ್ಷರದಿಂದ ಹಿಂದುಹಿಂದಾಗಿ ಹೇಳಿಸಲಾಯಿತು. 1587ರಲ್ಲಿ ಬೊಹೀಮಿಯಾದ ತ್ರೆಬೋನ್‌ನಲ್ಲಿ, ಇಬ್ಬರೂ ತಮ್ಮ ಹೆಂಡತಿಯರನ್ನು ಹಂಚಿಕೊಳ್ಳಬೇಕೆಂದು ದೇವದೂತರ ಆಜ್ಞೆಯಾಗಿದೆ ಎಂದು ಕೆಲ್ಲಿ ಹೇಳಿದ. ಡೀ ಎಷ್ಟು ತಳಮಳಗೊಂಡ, ಆದರೂ ಕೊನೆಗೆ ಹೇಗೆ ಒಪ್ಪಿದ ಎಂಬುದು ಕೂಡ ಅವನ ಕೈಬರಹದಿಂದಲೇ ನಮಗೆ ತಿಳಿಯುತ್ತದೆ. ಒಬ್ಬ ಮೇಧಾವಿಯ ನಂಬಿಕೆ ಅವನನ್ನು ಎಲ್ಲಿಯವರೆಗೆ ಕರೆದೊಯ್ಯಬಲ್ಲದು, ಹೇಳುವವನಿಗೂ ಬರೆಯುವವನಿಗೂ ನಡುವೆ ಅಧಿಕಾರ ಹೇಗೆ ಕೈ ಬದಲಾಯಿಸುತ್ತದೆ ಎಂಬುದಕ್ಕೆ ಇಷ್ಟು ಹತ್ತಿರದ ಸಾಕ್ಷ್ಯ ಬೇರೆಡೆ ಸಿಗುವುದು ಅಪರೂಪ. ಇದನ್ನು ಓದಬೇಡ ಎಂದು ವಿದ್ಯಾರ್ಥಿಗೆ ಹೇಳುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ಡೀ ಒಬ್ಬನೇ ಈ ದಾರಿ ಹಿಡಿದವನಲ್ಲ. ಫ್ಲಾರೆನ್ಸಿನ ವಿದ್ವಾಂಸ ಫಿಚೀನೋ 1463ರಲ್ಲಿ ಗ್ರೀಕಿನಿಂದ ಲ್ಯಾಟಿನ್‌ಗೆ ತಂದ, ಹರ್ಮಿಸ್ ಎಂಬ ಪುರಾತನ ಜ್ಞಾನಿಯ ಹೆಸರಿನಲ್ಲಿರುವ ಗ್ರಂಥಗಳು ಬೈಬಲ್ಲಿನ ಮೋಸೆಸನ ಕಾಲದಷ್ಟು ಹಳೆಯವೆಂದು ಅಂದಿನ ಪಂಡಿತರು ನಂಬಿದ್ದರು. ಜರ್ಮನಿಯ ಮಠಾಧಿಪತಿ ಟ್ರಿಥೇಮಿಯಸ್ ಬರೆದ ಪುಸ್ತಕವೊಂದು ಮೇಲ್ನೋಟಕ್ಕೆ ಸಂದೇಶ ಒಯ್ಯುವ ದೇವದೂತರನ್ನು ಕರೆಯುವ ವಿಧಾನವನ್ನು ಹೇಳುತ್ತದೆ; 1606ರಲ್ಲಿ ಅಚ್ಚಾದ ಅದನ್ನು ರೋಮಿನ ಚರ್ಚು ನಿಷಿದ್ಧ ಗ್ರಂಥಗಳ ಪಟ್ಟಿಗೆ ಸೇರಿಸಿತು. ಅದರ ಮೊದಲ ಎರಡು ಭಾಗಗಳಲ್ಲಿರುವುದು ಗುಪ್ತಲಿಪಿಯ ಪಾಠ ಎಂಬುದು ಬೇಗನೆ ತಿಳಿಯಿತು. ಮೂರನೆಯ ಭಾಗವೂ ಗುಪ್ತಲಿಪಿಯೇ ಎಂದು ಇಬ್ಬರು ವಿದ್ವಾಂಸರು ಬೇರೆಬೇರೆಯಾಗಿ ಬಿಡಿಸಿ ತೋರಿಸಿದ್ದು 1990ರ ದಶಕದಲ್ಲಿ. ಮಂತ್ರವೆಂದು ಬದಿಗಿಟ್ಟಿದ್ದರೆ ಆ ಪುಟಗಳ ಅರ್ಥ ಇಂದಿಗೂ ತಿಳಿಯುತ್ತಿರಲಿಲ್ಲ.

ತಂದೆ ಮಗನ ಒಂದು ಪ್ರಸಂಗವನ್ನು ನಾನು ತರಗತಿಯಲ್ಲಿ ತಪ್ಪದೆ ಹೇಳುತ್ತಿದ್ದೆ. ಹರ್ಮಿಸನ ಗ್ರಂಥಗಳ ಗ್ರೀಕ್ ಭಾಷೆಯನ್ನು ಪರೀಕ್ಷಿಸಿ, ಅವು ಕ್ರಿಸ್ತಶಕದ ಆರಂಭದ ಶತಮಾನಗಳವು ಎಂದು 1614ರಲ್ಲಿ ತೋರಿಸಿಕೊಟ್ಟವನು ಐಸಾಕ್ ಕಸೋಬನ್. ಅವನ ಮಗ ಮೆರಿಕ್ ಕಸೋಬನ್ 1659ರಲ್ಲಿ ಡೀಯ ದಿನಚರಿಯ ಬಹುಭಾಗವನ್ನು ಅಚ್ಚು ಹಾಕಿಸಿದ. ಡೀಯನ್ನು ಮೋಸಗೊಳಿಸಿದ್ದು ದುಷ್ಟಶಕ್ತಿಗಳು, ಓದುಗರು ಎಚ್ಚರದಿಂದಿರಬೇಕು ಎಂಬುದು ಮಗನ ಉದ್ದೇಶವಾಗಿತ್ತು. ಮುಂದಿನ ಗುಪ್ತವಿದ್ಯಾ ಸಾಧಕರಿಗೆ ಆ ಪುಸ್ತಕವೇ ಮೂಲ ಆಕರವಾಯಿತು. ನಂಬಿಕೆಯೊಂದರ ವಯಸ್ಸನ್ನು ನಿರ್ಣಯಿಸಿದ್ದು ತಂದೆಯ ಭಾಷಾಪರೀಕ್ಷೆ. ಮಗನ ಎಚ್ಚರಿಕೆಯ ಮಾತುಗಳಿಂದ ಡೀಯ ದೇವದೂತರ ಮೇಲಿನ ನಂಬಿಕೆ ಕುಗ್ಗಲಿಲ್ಲ.

1888ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಗೋಲ್ಡನ್ ಡಾನ್ ಎಂಬ ಗುಪ್ತವಿದ್ಯಾ ಸಂಘ ಡೀಯ ಕೋಷ್ಟಕಗಳನ್ನೂ ಆವಾಹನೆಗಳನ್ನೂ ತನ್ನ ದೀಕ್ಷಾಕ್ರಮದಲ್ಲಿ ಸೇರಿಸಿಕೊಂಡಿತು. ಕವಿ ಯೇಟ್ಸ್ ಕೂಡ ಅದರ ಸದಸ್ಯನಾಗಿದ್ದ. ಇಂಗ್ಲೆಂಡಿನ ಗುಪ್ತವಿದ್ಯಾ ಸಾಧಕ ಅಲಿಸ್ಟರ್ ಕ್ರೌಲಿ 1909ರಲ್ಲಿ ಅಲ್ಜೀರಿಯಾದ ಮರುಭೂಮಿಯಲ್ಲಿ ಅವೇ ಆವಾಹನೆಗಳನ್ನು ಪಠಿಸುತ್ತ ಅಲೆದ. 1969ರಲ್ಲಿ ಅಮೆರಿಕದ ಸೈತಾನ ಪಂಥದ ಸ್ಥಾಪಕ ಅವನ್ನು ತನಗೆ ಬೇಕಾದಂತೆ ತಿದ್ದಿ ತನ್ನ ಪುಸ್ತಕಕ್ಕೆ ಹಾಕಿಕೊಂಡ. ಭಕ್ತಿಯಿಂದ ಪ್ರಾರ್ಥಿಸುತ್ತಿದ್ದ ಡೀಗೆ ಇದು ಗೊತ್ತಾಗಿದ್ದರೆ ಎಷ್ಟು ನೋವಾಗುತ್ತಿತ್ತೋ! ಆಸ್ಟ್ರೇಲಿಯದ ಭಾಷಾವಿಜ್ಞಾನಿ ಡೊನಾಲ್ಡ್ ಲೇಕಾಕ್ ಈ ದೇವದೂತರ ಭಾಷೆಯ ನಿಘಂಟನ್ನೇ ಸಿದ್ಧಪಡಿಸಿ 1978ರಲ್ಲಿ ಪ್ರಕಟಿಸಿದ. ಅದರ ವಾಕ್ಯರಚನೆ ಇಂಗ್ಲಿಷನ್ನು ಹೋಲುತ್ತದೆ ಎಂದು ತೋರಿಸಿದ. ಇಂದು ನಮ್ಮ ಊರುಗಳ ವಾಟ್ಸ್‌ಆ್ಯಪ್ ಗುಂಪುಗಳಿಗೂ ದೇವದೂತರ ಸಂಖ್ಯೆ, ದೇವದೂತರ ಚಿಕಿತ್ಸೆ ಎಂಬ ಜಾಹೀರಾತುಗಳು ಬರುತ್ತಿವೆ. ಡೀಯ ದೇವದೂತರ ಭಾಷೆ ಜಲಪ್ರಳಯಕ್ಕೂ ಹಿಂದಿನದು ಎಂದು ಯಾರಾದರೂ ಶುಲ್ಕ ಕೇಳಿದರೆ, ಅದು ಯಾವ ಊರಿನಲ್ಲಿ, ಯಾವ ವರ್ಷ, ಯಾರ ಬಾಯಿಂದ ಹೊರಟಿತೆಂದು ಹೇಳಬಲ್ಲವರು ಈ ವಿಷಯವನ್ನು ಓದಿದವರು ಮಾತ್ರ.

ಅಧ್ಯಯನವೆಂದರೆ ಪ್ರಚಾರ ಎಂಬ ಆತಂಕ ಕೊಡಗಿನವರಿಗೆ ಇರಬಾರದು. ಎಂ.ಎನ್. ಶ್ರೀನಿವಾಸರು ಕೊಡವರ ಧಾರ್ಮಿಕ ಬದುಕನ್ನು ಕುರಿತು 1952ರಲ್ಲಿ ಪ್ರಕಟಿಸಿದ ಗ್ರಂಥ ಭಾರತೀಯ ಸಮಾಜಶಾಸ್ತ್ರದ ಒಂದು ಅಡಿಗಲ್ಲು. ಹಿರಿಯರ ಆರಾಧನೆಯನ್ನೂ ಮೈಮೇಲೆ ಬರುವುದನ್ನೂ ಅವರು ವಿಚಾರಿಸಿದ್ದರಿಂದ ಯಾರೂ ಅವರನ್ನು ಮೂಢನಂಬಿಕೆ ಹರಡುವವರೆಂದು ಕರೆಯಲಿಲ್ಲ. ನಮ್ಮ ಮನೆಗಳ ವಿಷಯಕ್ಕೆ ಒಪ್ಪಿಗೆಯಾದದ್ದು ಮಾರ್ಟ್‌ಲೇಕಿನ ಮನೆಯ ವಿಷಯಕ್ಕೂ ಒಪ್ಪಿಗೆಯಾಗಬೇಕು.

ಇನ್ನೊಂದು ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ಡೀಯ ಕಾಗದಗಳಲ್ಲಿ ಒಂದು ಪಾಲು ಮರದ ಪೆಟ್ಟಿಗೆಯೊಂದರ ಗುಪ್ತ ಅರೆಯಲ್ಲಿ ಉಳಿದಿತ್ತು. ಆ ಪೆಟ್ಟಿಗೆಯನ್ನು ಕೊಂಡಿದ್ದ ಲಂಡನ್ನಿನ ಮಿಠಾಯಿ ವ್ಯಾಪಾರಿಯ ಮನೆಯವರು 1662ರ ಸುಮಾರಿಗೆ ಅದನ್ನು ಸರಿಸುವಾಗ ಒಳಗೆ ಏನೋ ಅಲ್ಲಾಡಿದ ಸದ್ದು ಕೇಳಿ ಅರೆಯನ್ನು ಕಂಡುಹಿಡಿದರು. ಆಮೇಲೆ ಮನೆಗೆಲಸದವಳು ಸುಮಾರು ಅರ್ಧದಷ್ಟು ಕಾಗದಗಳನ್ನು ಅಡುಗೆಮನೆಯಲ್ಲಿ ಕಡುಬಿನ ಅಡಿಗೆ ಹಾಸಲು ಬಳಸಿಬಿಟ್ಟಳು. ಉಳಿದವು 1672ರಲ್ಲಿ ಎಲಿಯಾಸ್ ಆ್ಯಷ್‌ಮೋಲ್ ಎಂಬ ಸಂಗ್ರಾಹಕನ ಕೈ ಸೇರಿದ್ದರಿಂದ ಇಂದು ಬ್ರಿಟಿಷ್ ಲೈಬ್ರರಿಯಲ್ಲಿವೆ. ನಮ್ಮಲ್ಲಿಯೂ ಹಳೆಯ ಮನೆಗಳ ಅಟ್ಟದಲ್ಲಿ ಮಂತ್ರವಾದದ ಕೈಬರಹದ ಪುಸ್ತಕಗಳಿವೆ. ವಿರಾಜಪೇಟೆ ಸಮೀಪದ ಮನೆಯೊಂದರಲ್ಲಿ ನಾನು ನೋಡಿದ ಪುಸ್ತಕದಲ್ಲಿ ಕನ್ನಡದ ಸಾಲುಗಳ ನಡುವೆ ಮಲಯಾಳ ಲಿಪಿಯ ಮಂತ್ರಗಳಿದ್ದವು, ಬೀಜಾಕ್ಷರ ತುಂಬಿದ ಚೌಕಗಳಿದ್ದವು, ಅಂಚಿನಲ್ಲಿ ಯಾರೋ ಕೂಲಿಯ ಲೆಕ್ಕವನ್ನೂ ಬರೆದಿದ್ದರು. ಅರ್ಧ ಪುಸ್ತಕವನ್ನು ಗೆದ್ದಲು ತಿಂದಿತ್ತು. ಮಾಟದ ಪುಸ್ತಕ ಮನೆಯಲ್ಲಿರಬಾರದೆಂದು ಇಂಥವನ್ನು ಹೊಳೆಗೆ ಬಿಡುವವರೂ ಒಲೆಗೆ ಹಾಕುವವರೂ ಇದ್ದಾರೆ.

ಆದ್ದರಿಂದ ತಮ್ಮ ಪತ್ರಿಕೆಯ ಮೂಲಕ ಎರಡು ಕೋರಿಕೆ. ಚಿಕ್ಕಅಳುವಾರದಲ್ಲಿರುವ ಕೊಡಗು ವಿಶ್ವವಿದ್ಯಾಲಯವು ಇಂಥ ಕೈಬರಹಗಳ ಛಾಯಾಪ್ರತಿ ತೆಗೆದು ಮೂಲವನ್ನು ಮನೆಯವರಿಗೇ ಹಿಂದಿರುಗಿಸುವ ಏರ್ಪಾಡನ್ನು ಮಾಡಬೇಕು. ಅವುಗಳನ್ನು ಯುರೋಪಿನ ದೇವದೂತ ಮಂತ್ರವಿದ್ಯೆಯ ದಾಖಲೆಗಳೊಂದಿಗೆ ಹೋಲಿಸಿ ಓದಲು ಮುಂದೆ ಬರುವ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ದೊರೆಯಬೇಕು. ಮನೆಯಲ್ಲಿ ಇಂಥ ಪುಸ್ತಕ ಇರುವವರು ಅದನ್ನು ಬರೆದವರು ಯಾರು, ಯಾರಿಂದ ಕಲಿತರು, ಯಾವ ಕಾಲದ್ದು ಎಂಬಷ್ಟನ್ನಾದರೂ ಹಿರಿಯರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದು ಪುಸ್ತಕದ ಜೊತೆಗಿಡಬೇಕೆಂದು ಕೇಳಿಕೊಳ್ಳುತ್ತೇನೆ.

ಇತಿ,
ನಿವೃತ್ತ ಇತಿಹಾಸ ಉಪನ್ಯಾಸಕ,
ವಿರಾಜಪೇಟೆ, ಕೊಡಗು