ಲಿವರ್ ಮೇಲಿದ್ದ ಬಿಳಿ ಮಚ್ಚೆ ಹೋಯಿತು, ಇವರಿಗೆಲ್ಲ ಥ್ಯಾಂಕ್ಸ್ ಹೇಳಬೇಕು

ಮೊನ್ನೆ ಮತ್ತೆ ಸ್ಕ್ಯಾನ್ ಆಯಿತು. ಮಚ್ಚೆ ಕಾಣಲಿಲ್ಲ. ರಿಪೋರ್ಟನ್ನು ಅಮ್ಮ ದೇವರ ಮುಂದೆ ಇಟ್ಟು ದೀಪ ಹಚ್ಚಿದಳು.

ಹೋದ ವರ್ಷ ಹೊಟ್ಟೆ ನೋವು ಅಂತ ಅಲ್ಟ್ರಾಸೌಂಡ್ ಮಾಡಿಸಿದ್ದೆ. ನೋವು ಎರಡು ದಿನಕ್ಕೆ ಹೋಯಿತು. ಆದರೆ ಪಿತ್ತಕೋಶದ ಪಕ್ಕ, ಲಿವರ್‌ನಲ್ಲಿ, 2 ಸೆಂಟಿಮೀಟರಿನ ಬಿಳಿ ಜಾಗ ಇದೆ ಅಂತ ರಿಪೋರ್ಟ್ ಬಂತು. ‘ಗಡ್ಡೆ ಇರಬಹುದು’ ಅಂತ ಅಲ್ಲೇ ಯಾರೋ ಅಂದುಬಿಟ್ಟರು. ಅಪ್ಪ ಕ್ಯಾನ್ಸರ್‌ನಿಂದ ಹೋದವರು. ಒಂಬತ್ತು ರಾತ್ರಿ ನಾನು ಸರಿಯಾಗಿ ಮಲಗಲಿಲ್ಲ. ಹೆಂಡತಿಯೂ ಮಲಗಿರಲಿಲ್ಲ, ಅದು ಆಮೇಲೆ ಗೊತ್ತಾಯಿತು.

ಎರಡನೇ ಸಲ ಸ್ಕ್ಯಾನ್ ಮಾಡಿದ ಡಾಕ್ಟರಿಗೆ ನನ್ನ ಮೊದಲ ನಮಸ್ಕಾರ. ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ‘ನೋಡಿ, ಈ ರಕ್ತನಾಳ ಮಚ್ಚೆಯ ನಡುವೆಯೇ ನೆಟ್ಟಗೆ ಹೋಗ್ತಿದೆ. ಗಡ್ಡೆ ಆಗಿದ್ರೆ ಸಾಮಾನ್ಯವಾಗಿ ಪಕ್ಕಕ್ಕೆ ತಳ್ತಿತ್ತು’ ಅಂದರು. ಆಮೇಲೆ ಎಂಆರ್‌ಐ. ಒಂದೇ ಜಾಗದ ಎರಡು ಚಿತ್ರ. ಒಂದರಲ್ಲಿ ಮಚ್ಚೆ ಕಪ್ಪಾಗಿತ್ತು. ಕೊಬ್ಬಿನ ಸಿಗ್ನಲ್ಲೂ ನೀರಿನ ಸಿಗ್ನಲ್ಲೂ ಒಂದನ್ನೊಂದು ಅಳಿಸಿದಾಗ ಹಾಗೆ ಕಾಣುತ್ತದಂತೆ. ಕೆಲವು ಗಡ್ಡೆಗಳಲ್ಲೂ ಕೊಬ್ಬಿರುತ್ತದೆ, ಅದಕ್ಕೇ ಕಾಂಟ್ರಾಸ್ಟ್ ಅಂತ, ಚಿತ್ರ ಸ್ಪಷ್ಟವಾಗಲು ರಕ್ತನಾಳಕ್ಕೆ ಕೊಡುವ ಔಷಧಿ, ಅದನ್ನು ಕೊಟ್ಟೂ ನೋಡಿದರು. ಕೊನೆಗೆ ಫೋಕಲ್ ಫ್ಯಾಟಿ ಲಿವರ್ ಅಂತ ತೀರ್ಮಾನ ಆಯಿತು. ಲಿವರ್‌ನ ಒಂದೇ ಮೂಲೆಯಲ್ಲಿ ಕೂತ ಕೊಬ್ಬು. ಆ ಜಾಗಕ್ಕೆ ಕೆಲವರಲ್ಲಿ ಬೇರೆ ಸಣ್ಣ ನಾಳಗಳಿಂದ ರಕ್ತ ಬರುತ್ತದೆ, ಹಾಗಾಗಿ ಅಲ್ಲಿ ಮಾತ್ರ ಹೀಗಾಗಬಹುದು ಅಂದರು. ಸೂಜಿ ಹಾಕಿ ತುಣುಕು ತೆಗೆಯುವ ಅಗತ್ಯ ಬೀಳಲಿಲ್ಲ. ಆ ಹತ್ತು ನಿಮಿಷದ ವಿವರಣೆ ನನಗೆ ಎಷ್ಟು ದೊಡ್ಡದಾಗಿತ್ತು ಅಂತ ಅವರಿಗೆ ಗೊತ್ತಿದೆಯೋ ಇಲ್ಲವೋ!

ನಾನು ಕುಡಿಯುವವನಲ್ಲ. ಆದರೂ ಲಿವರ್ ಅಂದ ಕೂಡಲೇ ಎಲ್ಲರೂ ಅದನ್ನೇ ಕೇಳುತ್ತಿದ್ದರು. ತುಂಬಾ ನೋವಾಗುತ್ತಿತ್ತು. ಕುಡಿಯದವರಿಗೂ ಇದು ಬರುತ್ತದೆ. ನನ್ನ ತೂಕ 82 ಕಿಲೋ, ಶುಗರ್ ಗಡಿಯಲ್ಲಿತ್ತು, ದಿನವಿಡೀ ಕೂತು ಲೆಕ್ಕ ಬರೆಯುವ ಕೆಲಸ. ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಫೈಬ್ರೋಸ್ಕ್ಯಾನ್‌ನಲ್ಲಿ ಗಟ್ಟಿಯಾಗಿಲ್ಲ ಅಂತ ಗೊತ್ತಾದಾಗ ಜೀವ ಬಂತು. ಡಾಕ್ಟರ್ ಲಿವರ್‌ಗೆ ಅಂತ ಮಾತ್ರೆ ಕೊಡಲಿಲ್ಲ. ತೂಕ ನಿಧಾನವಾಗಿ ನೂರಕ್ಕೆ 7ರಿಂದ 10ರಷ್ಟು ಇಳಿಸಿ ಅಂದರು. ಈಗ 75 ಇದ್ದೇನೆ.

ಇಳಿಸಿದ್ದು ನಾನೊಬ್ಬನೇ ಅಲ್ಲ. ನನ್ನ ಹೆಂಡತಿ ನನಗೆ ಅಂತ ಬೇರೆ ಅಡುಗೆ ಮಾಡಲಿಲ್ಲ, ಇಡೀ ಮನೆಯ ಊಟವನ್ನೇ ಬದಲಿಸಿದಳು. ತಟ್ಟೆಯಲ್ಲಿ ಅನ್ನ ಕಮ್ಮಿಯಾಯಿತು, ಪಲ್ಯ ಜಾಸ್ತಿಯಾಯಿತು. ಮಕ್ಕಳು ಒಂದು ದಿನವೂ ಗೊಣಗಲಿಲ್ಲ. ಗೆಳೆಯನೊಬ್ಬ ಬೆಳಿಗ್ಗೆ ಆರಕ್ಕೆ ಗೇಟ್ ಹತ್ತಿರ ಬಂದು ಸುಮ್ನೆ ನಿಲ್ಲುತ್ತಿದ್ದ. ಕರೆಯುತ್ತಲೂ ಇರಲಿಲ್ಲ. ಅವನು ನಿಂತಿದ್ದಾನೆ ಅಂದ ಮೇಲೆ ಮಲಗೋಕೆ ಆಗುತ್ತಾ? ಕುಂದವಾಡ ಕೆರೆಯ ಸುತ್ತ ಮಳೆಗಾಲದಲ್ಲೂ ನಡೆದಿದ್ದೇವೆ. ದಾವಣಗೆರೆಯಲ್ಲಿದ್ದು ಭಾನುವಾರದ ಬೆಣ್ಣೆ ದೋಸೆ ಬಿಡುವುದು ಸಣ್ಣ ಮಾತಲ್ಲ. ನನಗೋಸ್ಕರ ಅವನೂ ಅದನ್ನು ತಿಂಗಳಿಗೆ ಒಂದು ಸಲ ಮಾಡಿಕೊಂಡ.

ಇನ್ನೊಬ್ಬ, ಆಫೀಸಿಗೆ ಟೀ ತರುವ ಹುಡುಗ. ಸಕ್ಕರೆ ಇಲ್ಲದ ಲೋಟ ಬೇರೆಯವರಿಗೆ ಹೋಗಬಾರದು ಅಂತ ಅದಕ್ಕೆ ಕೆಂಪು ರಬ್ಬರ್ ಬ್ಯಾಂಡ್ ಸುತ್ತಿ ತರುತ್ತಾನೆ. ನಾನು ಹೇಳಿದ್ದಲ್ಲ, ಅವನಿಗೇ ಹೊಳೆದದ್ದು. ನಿನ್ನೆ ಅವನಿಗೂ ರಿಪೋರ್ಟ್ ವಿಷಯ ಹೇಳಿದೆ. ಮುಖ ಅರಳಿತು. ‘ಹಂಗಾದ್ರೆ ಇವತ್ತು ಸಕ್ಕರೆ ಹಾಕ್ಲಾ ಸಾರ್?’ ಅಂದ. ಬೇಡಪ್ಪ ಅಂದೆ. ಇವತ್ತೂ ಲೋಟಕ್ಕೆ ರಬ್ಬರ್ ಬ್ಯಾಂಡ್ ಇತ್ತು.