ಗುರುವಾರದ ಡ್ರಾಫ್ಟ್: ಎಲ್ಲರೂ ಓದಿ

ಎಲ್ಲರಿಗೂ ನಮಸ್ಕಾರ,

ಇದೇ ಗುರುವಾರ, ಏಪ್ರಿಲ್ 25ರಂದು 2024ರ ಎನ್‌ಎಫ್‌ಎಲ್ ಡ್ರಾಫ್ಟ್‌ನ (ಅಮೆರಿಕನ್ ಫುಟ್ಬಾಲ್ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಕಾರ್ಯಕ್ರಮ) ಮೊದಲ ಸುತ್ತು. ಡೆಟ್ರಾಯಿಟ್‌ನಲ್ಲಿ ನಡೆಯುತ್ತದೆ, ನಮ್ಮ ಚಿಕಾಗೋ ಸಮಯ ಸಂಜೆ 7ಕ್ಕೆ ಶುರು. ನಮ್ಮ ಮನೆ ಬೇಸ್‌ಮೆಂಟಿನಲ್ಲಿ ಕೂತು ನೋಡೋಣ. 6.30ಕ್ಕೇ ಬನ್ನಿ. ಮೊದಲ ಆಯ್ಕೆಯೇ ನಮ್ಮ ಚಿಕಾಗೋ ತಂಡ ಬೇರ್ಸ್‌ದು, ತಡವಾದರೆ ತಪ್ಪಿಹೋಗುತ್ತದೆ.

ನಮ್ಮ ಹೊಸ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವ ಆಟಗಾರ) ಕೇಲೆಬ್ ವಿಲಿಯಮ್ಸಾ, ಜೇಡನ್ ಡೇನಿಯಲ್ಸಾ ಅನ್ನುವ ಜಗಳ ಈ ಗ್ರೂಪಿನಲ್ಲಿ ಮಧ್ಯರಾತ್ರಿ ತನಕ ನಡೆಯುತ್ತಿದೆ. ಮಲಗಿದವರ ಫೋನು ಟಿಣ್ ಟಿಣ್ ಅನ್ನುತ್ತಲೇ ಇದೆ. ದಯವಿಟ್ಟು ರಾತ್ರಿ 10ರ ಮೇಲೆ ಮೆಸೇಜ್ ಬೇಡ. 2017ರಲ್ಲಿ ಬೇರ್ಸ್, ಆಮೇಲೆ ದೊಡ್ಡ ತಾರೆಯಾದ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್‌ನನ್ನು ಬಿಟ್ಟು ಟ್ರುಬಿಸ್ಕಿಯನ್ನು ಆರಿಸಿದ ಕಥೆಯನ್ನೂ ಮತ್ತೆ ಕೆದಕಬೇಡಿ, ಸುಮ್ನೆ ಹೊಟ್ಟೆ ಉರಿಯುತ್ತದೆ.

ನಮ್ಮ ಕ್ವಾರ್ಟರ್‌ಬ್ಯಾಕ್ ಆಗಿದ್ದ ಜಸ್ಟಿನ್ ಫೀಲ್ಡ್ಸ್ ಪಿಟ್ಸ್‌ಬರ್ಗ್‌ಗೆ ಹೋಗಿ ತಿಂಗಳಾಯಿತು. ಕ್ವಾರ್ಟರ್‌ಬ್ಯಾಕ್ ಮೊದಲ ಆಯ್ಕೆಯಲ್ಲೇ ಬರುವುದರಲ್ಲಿ ಅನುಮಾನವಿಲ್ಲ ಅಲ್ವಾ? ಮಾತಾಡಬೇಕಾದ್ದು ನಮ್ಮದೇ ಆದ 9ನೇ ಆಯ್ಕೆ ಬಗ್ಗೆ. ಒಳ್ಳೆ ರಿಸೀವರ್ (ಎಸೆದ ಚೆಂಡು ಹಿಡಿಯುವವನು) ತಗೊಳ್ಳುವುದಾ, ಲೈನ್ (ಮುಂಚೂಣಿ ಆಟಗಾರರ ಸಾಲು) ಗಟ್ಟಿ ಮಾಡುವುದಾ, ಇಲ್ಲಾ ನಮ್ಮ ಸರದಿಯನ್ನು ಬೇರೆ ತಂಡಕ್ಕೆ ಕೊಟ್ಟು, ಹಿಂದೆ ಸರಿದು ಜಾಸ್ತಿ ಆಯ್ಕೆ ಪಡೆಯುವುದಾ? ಕೈಯಲ್ಲಿರುವುದೇ ಒಟ್ಟು 4. ಎರಡನೇ ಸುತ್ತಿನದನ್ನು ಆಟಗಾರ ಮಾಂಟೆಜ್ ಸ್ವೆಟ್‌ಗಾಗಿ ಆಗಲೇ ಕೊಟ್ಟಾಗಿದೆ. ನನ್ನ ವೋಟು ರಿಸೀವರ್‌ಗೆ. ಹೊಸ ಕ್ವಾರ್ಟರ್‌ಬ್ಯಾಕ್ ಹುಡುಗನ ಕೈಗೆ ಚೆಂಡು ಕೊಟ್ಟು, ಹಿಡಿಯುವವರೇ ಇಲ್ಲ ಅಂದರೆ ಹೇಗೆ?

ಬುಧವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ: ಎಷ್ಟು ಜನ ಬರುತ್ತೀರಿ, ಏನು ತರುತ್ತೀರಿ, 9ಕ್ಕೆ ಯಾರ ಹೆಸರು. ಚಿತ್ರಾನ್ನ, ಕಾಫಿ ನಮ್ಮದು. ಮೊಸರನ್ನಕ್ಕೆ ಆಗಲೇ ಮೂವರು ಕೈ ಎತ್ತಿದ್ದಾರೆ, ಇನ್ನು ಯಾರಾದರೂ ಖಾರದ್ದು ತನ್ನಿ. ಡ್ರೈವ್‌ವೇನಲ್ಲಿ ಎರಡೇ ಕಾರಿಗೆ ಜಾಗ, ಆದಷ್ಟು ಒಟ್ಟಿಗೆ ಬನ್ನಿ.