ಭಾನುವಾರದ ಕ್ಯಾನ್ ವಿಮಾನ: ಏನೇನು ತರಬೇಕು

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 10 ಗಂಟೆಗೆ ಖಾಲಿ ಕೂಲ್‌ಡ್ರಿಂಕ್ ಕ್ಯಾನ್‌ಗಳಿಂದ ಮಾದರಿ ವಿಮಾನ ಮಾಡಲು ಸೇರುತ್ತಿದ್ದೇವೆ. ಹೆಸರು ಕೊಟ್ಟವರೆಲ್ಲ ದಯವಿಟ್ಟು ಪೂರ್ತಿ ಓದಿ.

ಒಬ್ಬೊಬ್ಬರು 5 ಕ್ಯಾನ್ ತನ್ನಿ. ಜಜ್ಜಿರಬಾರದು. ಒಮ್ಮೆ ಮಡಿಕೆ ಬಿದ್ದರೆ ಎಷ್ಟು ತೀಡಿದರೂ ಆ ಗೆರೆ ಹೋಗುವುದಿಲ್ಲ, ರೆಕ್ಕೆಯ ಮೇಲೆ ಎದ್ದು ಕಾಣುತ್ತದೆ. ಚೆನ್ನಾಗಿ ತೊಳೆದು, ಬೋರಲು ಹಾಕಿ ಒಣಗಿಸಿ. ಇಲ್ಲದಿದ್ದರೆ ಇರುವೆ ಮುತ್ತುತ್ತವೆ. ಅಯಸ್ಕಾಂತ ಹಿಡಿದು ನೋಡಿ: ಅಂಟಿಕೊಂಡರೆ ಅದು ಉಕ್ಕು, ಬೇಡ. ಅಲ್ಯೂಮಿನಿಯಂ ಕ್ಯಾನೇ ಆಗಬೇಕು.

ಮುಖ್ಯವಾದ ಮಾತು. ಕ್ಯಾನಿನ ಗೋಡೆ ಸುಮಾರು 0.1 ಮಿಲಿಮೀಟರ್ ದಪ್ಪ, ಅಷ್ಟೇ. ಮನೆಯ ಕತ್ತರಿಯಲ್ಲೇ ಕತ್ತರಿಸಬಹುದು. ಆದರೆ ಕತ್ತರಿಸಿದ ಅಂಚು ಬ್ಲೇಡಿನ ಹಾಗೆ. ಹೋದ ಸಲ ನನ್ನ ಹೆಬ್ಬೆರಳು ಕೊಯ್ದದ್ದು ರಕ್ತ ಕಂಡ ಮೇಲೇ ಗೊತ್ತಾಗಿದ್ದು. ದಪ್ಪ ಕೈಗವಸು ಇಲ್ಲದೆ ಯಾರೂ ಕೆಲಸಕ್ಕೆ ಕೂರಬೇಡಿ. ಮಕ್ಕಳು ಕಾಗದದ ಮೇಲೆ ಅಚ್ಚು ಬರೆದುಕೊಡಲಿ, ಕತ್ತರಿ ದೊಡ್ಡವರ ಕೈಯಲ್ಲೇ ಇರಲಿ.

ಅಂಟು, ನಕ್ಷೆ ನಾನು ತರುತ್ತೇನೆ. ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲೇ ತಿಳಿಸಿ. ಕ್ಯಾನ್ ಜಾಸ್ತಿ ಇದ್ದವರು ಸುಮ್ನೆ ಎಸೆಯಬೇಡಿ, ಸಿಗದವರಿಗೆ ಆಗುತ್ತದೆ ಅಲ್ವಾ?